ಎರಡು ಬಗೆದವನ ಸೆಕ್ಷನ್

ದೂರಿನ ಕರಡಿನ ಎರಡನೇ ಪುಟದಲ್ಲಿ ಟೈಪಿಸ್ಟ್ ಹೀಗೆ ಹೊಡೆದಿದ್ದ: ‘ಸದರಿ ಆರೋಪಿಯು ಫಿರ್ಯಾದಿಗೆ ಎರಡು ಬಗೆಯಲ್ಲಿ ಮೋಸ ಮಾಡಿರುತ್ತಾನೆ.’ ಆ ಎರಡು ಬಗೆ ಯಾವುವು ಎಂದು ವಕೀಲೆ ಕೇಳಿದಾಗ ಫಿರ್ಯಾದಿ ಹೆಂಗಸಿಗೆ ಸಿಟ್ಟೇ ಬಂದಿತ್ತು. “ಯಾವ್ಯಾವ್ದು ಅಂದ್ರೆ? ಎಲ್ಡು ಬಗುದ ಕನವ್ವ, ಉಂಡ್ ಮನೆಗೆ ಎಲ್ಡು ಬಗುದ!” ಎಂದು ಅದನ್ನೇ ಇನ್ನೂ ಜೋರಾಗಿ ಹೇಳಿ, ಸೆರಗು ಕೊಡವಿಕೊಂಡು ಎದ್ದು ಹೋಗಿದ್ದಳು.

ಆ ಕಾಗದ ಎರಡು ದಿನದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಹಳೇ ಮನೆಯ ಜಗಲಿಗೆ ಬಂತು. ಜಗಲಿಯ ಮೇಲೆ ಕೂತಿದ್ದವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಕಾಗದ ತಂದವಳು ಅವರ ಹಳೇ ವಿದ್ಯಾರ್ಥಿನಿ, ಈಗ ಮಂಡ್ಯದಲ್ಲಿ ವಕೀಲೆ. ಮೇಷ್ಟ್ರು ಆ ಸಾಲು ಓದಿ ಕೆಮ್ಮು ಬರುವಷ್ಟು ನಕ್ಕರು.

“ನಿನ್ನ ಟೈಪಿಸ್ಟ್ ಓದಿದ್ದೆಲ್ಲಮ್ಮ?”

“ಬೆಂಗಳೂರಲ್ಲಿ ಸಾರ್, ಇಂಗ್ಲಿಷ್ ಮೀಡಿಯಂ.”

“ನೀನು ಓದಿದ್ದು ನನ್ನ ಹತ್ತಿರ. ನಿನಗೂ ಹೊಳೀಲಿಲ್ವಲ್ಲ!”

ವಕೀಲೆ ತಲೆ ತಗ್ಗಿಸಿದಳು. ನಾಚಿಕೆಯಿಂದಲೋ, ಫೋನು ನೋಡಲಿಕ್ಕೋ ಹೇಳುವುದು ಕಷ್ಟ. ಆಮೇಲೆ ಪ್ರಕರಣವನ್ನು ವಿವರಿಸಿದಳು. ಪಾಂಡವಪುರದ ಕಡೆ ಒಂದು ಆಲೆಮನೆ. ಗಂಡ ಸತ್ತ ಮೇಲೆ ಆ ಹೆಂಗಸೇ ನಡೆಸಿಕೊಂಡು ಬಂದಿದ್ದಾಳೆ. ಲೆಕ್ಕ ಬರೆಯಲು, ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಗೆ ಸಾಗಿಸಿ ಹಣ ತರಲು ಒಬ್ಬ ಗುಮಾಸ್ತ. ಎಂಟು ವರ್ಷದಿಂದ ಅವನ ಊಟ, ತಿಂಡಿ ಎಲ್ಲ ಅದೇ ಮನೆಯಲ್ಲಿ. ಕಳೆದ ಸಂಕ್ರಾಂತಿ ಆದ ಮೇಲೆ ಎರಡು ಲೋಡು ಅಚ್ಚು ಬೆಲ್ಲ ತೆಗೆದುಕೊಂಡು ಹೋದವನು ಹಣವನ್ನೂ ತರಲಿಲ್ಲ, ಅವನೂ ಬರಲಿಲ್ಲ.

“ನಂಗೆ ಬೇಕಾಗಿರೋದು ಒಂದೇ ಸಾರ್. ಇದನ್ನ ಮೋಸ ಅಂತ ಬರೀಲಾ, ದ್ರೋಹ ಅಂತ ಬರೀಲಾ? ಎರಡಕ್ಕೂ ಬೇರೆ ಬೇರೆ ಸೆಕ್ಷನ್ ಇದೆ.”

“ಆಯಮ್ಮ ಆಗಲೇ ಹೇಳಿದಾಳಲ್ಲ.”

“ಎಲ್ಡು ಬಗುದ ಅಂತ?”

“ಅದೇ. ನಿನ್ನ ಟೈಪಿಸ್ಟ್ ‘ಬಗೆ’ ಅಂದ್ರೆ ವಿಧ, ಥರ ಅಂದ್ಕೊಂಡ. ಹಲವು ಬಗೆಯ ಹೂವು, ನಾಲ್ಕು ಬಗೆಯ ಚಟ್ನಿ. ಅದೂ ಸರಿಯಾದ ಅರ್ಥವೇ. ಆದರೆ ಇನ್ನೊಂದು ಬಗೆ ಇದೆ. ಹಳಗನ್ನಡದಲ್ಲಿ ಬಗೆ ಅಂದ್ರೆ ಮನಸ್ಸು. ಕ್ರಿಯಾಪದವಾದ್ರೆ ಯೋಚಿಸು, ಎಣಿಸು, ಉದ್ದೇಶ ಇಟ್ಟುಕೋ. ‘ಬಗೆಗಣ್ಣು’ ಅಂತೀವಲ್ಲ, ಅದು ಮನಸ್ಸಿನ ಕಣ್ಣು. ‘ಬಗೆಹರೀತು’ ಅಂದಾಗ ಹರಿಯೋದೂ ಮನಸ್ಸಿನಲ್ಲಿದ್ದ ತೊಡಕೇ. ಎರಡು ಬಗೆಯೋದು ಅಂದ್ರೆ ಒಂದಾಗಿದ್ದ ಮನಸ್ಸು ಎರಡಾಗೋದು. ಹೊರಗೆ ಉಣ್ಣೋ ಕೈ ಒಂದು, ಒಳಗೆ ಎಣಿಸೋ ಮನಸ್ಸು ಇನ್ನೊಂದು. ದ್ರೋಹಕ್ಕೆ ಕನ್ನಡದ ಸ್ವಂತ ಮಾತು ಇದು.”

ವಕೀಲೆಗೆ ಇದು ಅತಿಯೆನ್ನಿಸಿತು. ದ್ರೋಹ ಎಂಬ ಪದವೂ ಕನ್ನಡದ್ದೇ ಆಗಿಹೋಗಿದೆಯಲ್ಲ ಎಂದಳು. ಮೇಷ್ಟ್ರು ಒಪ್ಪಿದರು, ಆದರೆ ಒಂದು ಪ್ರಶ್ನೆ ಹಾಕಿದರು. ಸುಳ್ಳನ್ನು ಏನು ಮಾಡುತ್ತೇವೆ? ಹೇಳುತ್ತೇವೆ. ಕಳ್ಳತನ? ಮಾಡುತ್ತೇವೆ. ಮೋಸ? ಅದನ್ನೂ ಮಾಡುತ್ತೇವೆ. ದ್ರೋಹ?

ಅವಳು ಬಾಯಿ ತೆರೆದು, ನಿಲ್ಲಿಸಿ, ನಿಧಾನವಾಗಿ ಹೇಳಿದಳು: “ಬಗೀತೀವಿ.”

“ನೋಡಿದ್ಯಾ! ದ್ರೋಹ ಬಗೆಯೋದು, ಕೇಡು ಬಗೆಯೋದು. ‘ದ್ರೋಹ ಮಾಡಿದ’ ಅಂತಾನೂ ಈಗ ಬರೀತಾರೆ, ತಪ್ಪೇನಲ್ಲ. ಆದರೆ ಪತ್ರಿಕೆಯವರು ಸಿಟ್ಟು ಬಂದಾಗ ಬರೆಯೋದು ‘ದ್ರೋಹ ಬಗೆದ ಸರ್ಕಾರ’ ಅಂತಲೇ. ನಾಮಪದ ಸಂಸ್ಕೃತದಿಂದ ಬಂತು, ಅದನ್ನ ನಡೆಸೋ ಕ್ರಿಯಾಪದ ಮಾತ್ರ ನಮ್ಮ ಹಳೇ ಬಗೆಯೇ ಆಯ್ತು.”

“ಭೂಮಿ ಬಗೆಯೋದು ಅಂತಾನೂ ಇದೆಯಲ್ಲ ಸಾರ್? ಬಳ್ಳಾರಿ ಗಣಿ ಸುದ್ದಿ ಬಂದಾಗೆಲ್ಲ ‘ಭೂಮಿಯ ಒಡಲು ಬಗೆದು’ ಅಂತ ಬರೀತಿದ್ರು.”

“ಅದು ಸೀಳೋ ಬಗೆ. ಭೀಮ ದುಶ್ಶಾಸನನ ಎದೆ ಬಗೆಯೋದು ಅದೇ.” ಮೇಷ್ಟ್ರಿಗೆ ಆ ಕಡೆ ಹೋಗುವ ಆಸೆಯಿತ್ತು, ತಡೆದುಕೊಂಡರು. “ಇದು ಕನ್ನಡದಲ್ಲಿ ಮಾತ್ರ ಇದೆ ಅಂದ್ಕೋಬೇಡ. ತಮಿಳರಲ್ಲೂ ಇದೇ ಗಾದೆ ಇದೆ. ಅವರು ಉಂಡ ಮನೆಗೆ ಮಾಡೋದು ‘ಇರಂಡಗಂ’. ಇರಂಡು ಅಂದ್ರೆ ಎರಡು, ಅಗಂ ಅಂದ್ರೆ ಒಳಗು, ಮನಸ್ಸು. ತೆಲುಗರು ಬೇರೆ ದಾರಿ ಹಿಡಿದರು. ಉಂಡ ಮನೆಯ ವಾಸಗಳನ್ನ ಎಣಿಸೋದು ಅಂತಾರೆ. ನಮ್ಮಲ್ಲೂ ಉಂಡ ಮನೆ ಜಂತೆ ಎಣಿಸೋನು, ಗಳ ಎಣಿಸೋನು ಅಂತ ಬೈತಾರೆ. ಊಟ ಮುಗಿಸಿ ಅಂಗಾತ ಮಲಗಿದೋನು ಸೂರು ನೋಡ್ತಾ ಏನು ಲೆಕ್ಕ ಹಾಕ್ತಾನೆ? ಈ ಮನೆಗೆ ಎಷ್ಟು ಮರ ಬಿದ್ದಿದೆ, ಇವರ ಹತ್ತಿರ ಎಷ್ಟಿದೆ, ನನಗೆಷ್ಟು ದಕ್ಕೀತು. ಅವನು ಇನ್ನೂ ಏನೂ ಮಾಡಿಲ್ಲ, ಗಮನಿಸು. ಬರೀ ಎಣಿಸ್ತಿದಾನೆ. ಗಾದೆ ಆಗಲೇ ಅವನನ್ನ ಹಿಡಿದಾಯ್ತು.”

ಇಲ್ಲಿ ವಕೀಲೆ ಚುರುಕಾದಳು. ಮನಸ್ಸಿನಲ್ಲಿ ಎಣಿಸಿದ್ದಕ್ಕೆ ಯಾವ ಕಾನೂನೂ ಶಿಕ್ಷೆ ಕೊಡುವುದಿಲ್ಲ, ಆದರೆ ಮನಸ್ಸನ್ನು ನೋಡದೆ ಶಿಕ್ಷೆ ಕೊಡುವುದೂ ಇಲ್ಲ ಎಂದಳು. ಅದಕ್ಕೆ ಮೆನ್ಸ್ ರಿಯಾ ಎಂಬ ಲ್ಯಾಟಿನ್ ಹೆಸರಿದೆ. ಕೃತ್ಯದ ಹಿಂದಿನ ದುರುದ್ದೇಶ. ಮೋಸಕ್ಕೂ ನಂಬಿಕೆ ದ್ರೋಹಕ್ಕೂ ಇರುವ ವ್ಯತ್ಯಾಸವೆಲ್ಲ ಆ ಉದ್ದೇಶ ಯಾವಾಗ ಹುಟ್ಟಿತು ಎಂಬುದರಲ್ಲಿದೆ.

“ಮೋಸದಲ್ಲಿ ಶುರುವಿನಿಂದಲೇ ಕೆಟ್ಟ ಉದ್ದೇಶ ಇರಬೇಕು ಸಾರ್. ಇಲ್ಲದ ಸೈಟು ತೋರಿಸಿ ಅಡ್ವಾನ್ಸ್ ತಗೊಂಡ ಅಂದ್ಕೊಳ್ಳಿ, ಅವನು ಮೊದಲ ದಿನದಿಂದಲೇ ಮೋಸಗಾರ. ನಂಬಿಕೆ ದ್ರೋಹದಲ್ಲಿ ಹಾಗಲ್ಲ. ಮೊದಲು ನಂಬಿ ವಹಿಸಿಕೊಟ್ಟಿರಬೇಕು. ವಹಿಸಿಕೊಂಡಾಗ ಅವನು ಒಳ್ಳೆಯವನೇ ಇರಬಹುದು. ಆಮೇಲೆ ಬುದ್ಧಿ ಕೆಡುತ್ತೆ.”

“ಅಂದ್ರೆ ಮೋಸಗಾರನದು ಒಂದೇ ಬಗೆ. ಶುರುವಿನಿಂದ ಕೊನೇತನಕ ಕಳ್ಳ. ದ್ರೋಹಿಯದು ಎರಡು.”

“ಹ್ಞೂಂ ಸಾರ್! ಅದೇ!”

ಪೊಲೀಸರು ಎರಡನ್ನೂ ಒಟ್ಟಿಗೆ ಹಾಕಿಬಿಡುತ್ತಾರೆ, ಬಿದ್ದರೆ ಒಂದಾದರೂ ಬೀಳಲಿ ಎಂದು. ಹಳೇ ದಂಡ ಸಂಹಿತೆಯಲ್ಲಿ 406, 420. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 316, 318. ಅದೇ ವರ್ಷದ ಆಗಸ್ಟ್‌ನಲ್ಲಿ ದೆಹಲಿ ರೇಸ್ ಕ್ಲಬ್ಬಿನ ಪ್ರಕರಣವೊಂದನ್ನು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕುದುರೆಗಳಿಗೆ ಧಾನ್ಯ, ಓಟ್ಸ್ ಮಾರಿದವನಿಗೆ ಕ್ಲಬ್ಬು ಹಣ ಬಾಕಿ ಉಳಿಸಿಕೊಂಡಿದೆ ಎಂಬ ದೂರು. ಮಾರಿದ ಮೇಲೆ ಆ ಧಾನ್ಯ ಕ್ಲಬ್ಬಿನದು, ನಂಬಿ ವಹಿಸಿಕೊಟ್ಟದ್ದಲ್ಲ, ಹಾಗಾಗಿ ನಂಬಿಕೆ ದ್ರೋಹದ ಮಾತೇ ಬರುವುದಿಲ್ಲ ಎಂದಿತು ಕೋರ್ಟು. ಒಂದೇ ಸಂಗತಿ ಮೋಸವೂ ನಂಬಿಕೆ ದ್ರೋಹವೂ ಆಗಲಾರದು, ಕಾನೂನು ಬಂದು ಇಷ್ಟು ವರ್ಷವಾದರೂ ಈ ವ್ಯತ್ಯಾಸ ಪೊಲೀಸರಿಗೆ ತಿಳಿಯದಿದ್ದರೆ ಹೇಗೆ ಎಂದು ಬೇಸರವನ್ನೂ ಪಟ್ಟಿತು. ವಕೀಲೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮೇಷ್ಟ್ರು ಕುದುರೆಯ ಓಟ್ಸಿನಲ್ಲೇ ಸ್ವಲ್ಪ ಹೊತ್ತು ನಿಂತರು.

ಕಾಫಿ ಬಂತು. ಮೇಷ್ಟ್ರು ಒಳಗಿನಿಂದ ಒಂದು ದಪ್ಪ ಪುಸ್ತಕವನ್ನೂ ತಂದಿಟ್ಟುಕೊಂಡರು, ಅಷ್ಟಾಧ್ಯಾಯಿಯ ಯಾವುದೋ ಹಳೇ ಮುದ್ರಣ. ಅದನ್ನು ತೆರೆಯುವ ಅಗತ್ಯ ಅವರಿಗೆ ಕೊನೆಯವರೆಗೂ ಬೀಳಲಿಲ್ಲ.

“ದ್ರೋಹದ ಧಾತು ‘ದ್ರುಹ್’. ಹಗೆ ಸಾಧಿಸು, ಕೇಡು ಎಣಿಸು ಅಂತ ಅರ್ಥ. ಪಾಣಿನಿ ಒಂದನೇ ಅಧ್ಯಾಯದ ನಾಲ್ಕನೇ ಪಾದದಲ್ಲಿ, 37ನೇ ಸೂತ್ರದಲ್ಲಿ, ಸಿಟ್ಟು, ದ್ರೋಹ, ಈರ್ಷ್ಯೆ, ಅಸೂಯೆ ನಾಲ್ಕನ್ನೂ ಒಂದೇ ಗಂಟು ಕಟ್ಟಿ ಹೇಳ್ತಾನೆ. ಯಾರ ಮೇಲೆ ಕೋಪವೋ ಅವರಿಗೆ ಚತುರ್ಥಿ ವಿಭಕ್ತಿ. ದಾನ ಕೊಡೋವಾಗ ಬರೋ ವಿಭಕ್ತಿಯೇ! ಕನ್ನಡದಲ್ಲೂ ನೋಡು, ‘ಅವಳನ್ನ’ ದ್ರೋಹ ಬಗೆಯೋಕಾಗಲ್ಲ, ‘ಅವಳಿಗೆ’ ಬಗೀಬೇಕು. ಉಂಡ ಮನೆ‘ಗೆ’.”

“ಕೊಟ್ಟ ಹಾಗೆ.”

“ಹ್ಞಾ, ಕೊಟ್ಟ ಹಾಗೆ. ಇನ್ನೂ ಒಂದು ತಮಾಷೆ ಇದೆ. ಎಂಟನೇ ಅಧ್ಯಾಯದಲ್ಲಿ ಒಂದು ಸಂಧಿ ನಿಯಮ, 8.2.33. ಕೆಲವು ಧಾತುಗಳ ಕೊನೆಯ ಹಕಾರ ಬದಲಾಗೋ ರೀತಿ ಹೇಳುತ್ತೆ. ಆ ಸೂತ್ರದಲ್ಲಿರೋದು ನಾಲ್ಕೇ ಧಾತು. ಮೊದಲನೇದು ದ್ರುಹ್. ಎರಡನೇದು ಮುಹ್, ಮೋಹ, ಮುಗ್ಧ, ಮೂಢ ಎಲ್ಲ ಅದರ ಮಕ್ಕಳು. ಮೂರನೇದು ಸ್ನುಹ್, ವಾಂತಿ ಮಾಡು ಅಂತ. ಕೊನೇದು ಯಾವುದು ಹೇಳು?”

“ಗೊತ್ತಿಲ್ಲ ಸಾರ್.”

“ಸ್ನಿಹ್. ಸ್ನೇಹ! ಶುರುವಿಗೆ ದ್ರೋಹ, ಕೊನೆಗೆ ಸ್ನೇಹ, ನಡುವೆ ಮೋಹ, ವಾಂತಿ. ಪಾಣಿನಿಗೆ ಇದರಲ್ಲಿ ಹಕಾರ ಬಿಟ್ಟು ಬೇರೇನೂ ಕಾಣಿಸಿರಲಿಕ್ಕಿಲ್ಲ. ನಾನಂತೂ ಕ್ಲಾಸಿನಲ್ಲಿ ಹುಡುಗರಿಗೆ ಇದನ್ನ ಹೇಳದ ವರ್ಷವೇ ಇಲ್ಲ.”

ವಕೀಲೆಗೆ ನೆನಪಿತ್ತೋ ಇಲ್ಲವೋ, ನಕ್ಕಳು. ಈ ಧಾತು ಭಾರತದಲ್ಲಿ ಮಾತ್ರ ಇದೆಯೇ ಎಂದು ಕೇಳಿದಳು. ಮೇಷ್ಟ್ರು ಕಾಯುತ್ತಿದ್ದುದೂ ಅದನ್ನೇ. ಇರಾನಿನ ಬೆಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ಕ್ರಿ.ಪೂ. 520ರ ಹೊತ್ತಿಗೆ ದೊರೆ ಡೇರಿಯಸ್ ಮೂರು ಭಾಷೆಗಳಲ್ಲಿ ಒಂದು ದೊಡ್ಡ ಶಾಸನ ಕೆತ್ತಿಸಿದ. ತನ್ನ ವಿರುದ್ಧ ದಂಗೆ ಎದ್ದವರ ಪಟ್ಟಿಯನ್ನೇ ಅದರಲ್ಲಿ ಕೊಟ್ಟಿದ್ದಾನೆ. ಅವರೆಲ್ಲ ದಂಗೆ ಎದ್ದದ್ದಕ್ಕೆ ಅವನು ಕೊಡುವ ಕಾರಣ ‘ದ್ರೌಗ’, ಎಂದರೆ ಸುಳ್ಳು. ಜರತುಷ್ಟ್ರನ ಅವೆಸ್ತಾದಲ್ಲಿ ಅದೇ ‘ದ್ರುಜ್’, ಸತ್ಯಕ್ಕೆ ಎದುರಾಗಿ ನಿಂತ ಶಕ್ತಿ. ನಮ್ಮಲ್ಲಿ ಕೇಡು ಎಣಿಸುವುದಾದದ್ದು ಅಲ್ಲಿ ಸುಳ್ಳಾಯಿತು. ಜರ್ಮನ್ನರಲ್ಲಿ ಅದೇ ಬೇರಿನಿಂದ ‘ಬೆಟ್ರೂಗ್’ ಎಂಬ ಪದ ಬಂದಿದೆ.

“ಅದು ನಂಗೆ ಗೊತ್ತು ಸಾರ್!” ವಕೀಲೆ ಲೋಟ ಕೆಳಗಿಟ್ಟಳು. “ಜರ್ಮನಿಯ ದಂಡ ಸಂಹಿತೆಯಲ್ಲಿ 263ನೇ ಸೆಕ್ಷನ್. ಬೆಟ್ರೂಗ್ ಅಂದ್ರೆ ಅಲ್ಲಿ ಚೀಟಿಂಗ್, ವಂಚನೆ. ಕಾಲೇಜಲ್ಲಿ ಓದಿದ್ದೆ.”

“ಓಹೋ. ಹಾಗಾದ್ರೆ ನಮ್ಮ ದ್ರೋಹದ ದಾಯಾದಿ ಅಲ್ಲಿ ಹೋಗಿ 420 ಆಗಿ ಕೂತಿದೆ ಅನ್ನು.”

“318 ಸಾರ್, ಈಗ.”

ಇಂಗ್ಲಿಷಿನವರ ಪದ ಹೇಗೆ ಹುಟ್ಟಿತು ಎಂಬ ಮಾತೂ ಬಂತು. ಟ್ರೇಟರ್ ಎಂಬುದರ ಮೂಲ ಲ್ಯಾಟಿನ್ನಿನ ‘ತ್ರಾದೆರೆ’, ಎಂದರೆ ಒಪ್ಪಿಸುವುದು, ಕೈಗೆ ಕೊಡುವುದು. ಕ್ರಿ.ಶ. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಧರ್ಮಗ್ರಂಥಗಳನ್ನು ಸುಡಿಸಲು ಆಜ್ಞೆ ಹೊರಡಿಸಿದಾಗ, ಉತ್ತರ ಆಫ್ರಿಕಾದಲ್ಲಿ ಹೆದರಿ ಗ್ರಂಥ ಒಪ್ಪಿಸಿದ ಪಾದ್ರಿಗಳನ್ನು ಅವರ ಜನರೇ ‘ತ್ರಾದಿತೋರ್’ ಎಂದು ಕರೆದರು, ಒಪ್ಪಿಸಿದವರು ಎಂದು. ಹಿರಿಯರು ಕಿರಿಯರಿಗೆ ಒಪ್ಪಿಸುವ ಸಂಪ್ರದಾಯಕ್ಕೂ ಅದೇ ಬೇರು; ಟ್ರೆಡಿಷನ್ ಬಂದದ್ದು ಅದರಿಂದಲೇ. ಕನ್ನಡದ ಬೈಬಲಿನಲ್ಲಿ ಯೂದ ಯೇಸುವಿಗೆ ಮಾಡುವ ಕೆಲಸವೂ ಇದೇ: ಹಿಡಿದುಕೊಡುತ್ತಾನೆ. ಗ್ರೀಕ್ ಮೂಲದಲ್ಲೂ ‘ಒಪ್ಪಿಸಿಕೊಡು’ ಎಂಬ ಕ್ರಿಯಾಪದವೇ ಇರುವುದರಿಂದ ಅನುವಾದಕರು ಸರಿಯಾದ ಮಾತನ್ನೇ ಹುಡುಕಿದ್ದಾರೆ ಎಂದು ಮೇಷ್ಟ್ರು ಮೆಚ್ಚಿದರು.

“ಅವರದು ಕೈ ಮಾಡೋ ಕೆಲಸ, ನಮ್ಮದು ಮನಸ್ಸು ಮಾಡೋ ಕೆಲಸ” ಎಂದು ಅವರು ಗೆರೆ ಎಳೆಯಹೊರಟರೆ ವಕೀಲೆ ಬಿಡಲಿಲ್ಲ.

“ಕೈಕೊಡೋದು ಅಂತ ನಮ್ಮಲ್ಲೂ ಇದೆಯಲ್ಲ ಸಾರ್? ಹುಡುಗ ಹುಡುಗಿಗೆ ಕೈಕೊಟ್ಟ. ಮಳೆ ಕೈಕೊಡ್ತು. ಬೋರ್‌ವೆಲ್ ಕೈಕೊಡ್ತು.”

ಮೇಷ್ಟ್ರು ಸ್ವಲ್ಪ ಪೆಚ್ಚಾದರು. ಕೈ ಕೊಡುವುದೆಂದರೆ ಎತ್ತಿ ನಿಲ್ಲಿಸುವುದಾಗಬೇಕಿತ್ತು, ನಮ್ಮಲ್ಲಿ ನಡುನೀರಿನಲ್ಲಿ ಬಿಡುವುದಾಗಿದೆ. ಅದು ಹೇಗಾಯಿತೋ ಎಂದು ಗೊಣಗಿ, ಆ ಮಾತನ್ನು ಅಷ್ಟಕ್ಕೇ ಬಿಟ್ಟರು. ಹಾಗೆ ನೋಡಿದರೆ ಮಳೆಯ ಮೇಲೆ ಯಾರೂ ದ್ರೋಹದ ಆರೋಪ ಹೊರಿಸುವುದಿಲ್ಲ. ಮಳೆ ಕೈಕೊಡುತ್ತದೆ, ಎರಡು ಬಗೆಯುವುದಿಲ್ಲ. ಇದನ್ನು ಹೇಳಿದವಳೂ ವಕೀಲೆಯೇ.

ಅಷ್ಟರಲ್ಲಿ ಬೀದಿಯಲ್ಲಿ ಶಾಲಾ ಮಕ್ಕಳ ಸಾಲು ಬಂತು, ಪ್ರವಾಸದವರು. ಮುಂದೆ ಒಬ್ಬ ಗೈಡು ಕೈಯೆತ್ತಿ ಕೂಗುತ್ತಿದ್ದ. ಅವನ ಮಾತಿನಲ್ಲಿ ಈ ಜಗಲಿಯವರೆಗೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ಹೆಸರು: ಮೀರ್ ಸಾದಿಕ್.

1799ರ ಮೇ 4, ಮಧ್ಯಾಹ್ನ ಸುಮಾರು ಒಂದು ಗಂಟೆ. ಇಂಗ್ಲಿಷರ ಪಡೆ ಕಾವೇರಿ ದಾಟಿ ಕೋಟೆಯ ಬಿರುಕಿಗೆ ನುಗ್ಗಿದ ಹೊತ್ತು. ದಿವಾನ ಮೀರ್ ಸಾದಿಕ್ ಅದೇ ಸಮಯಕ್ಕೆ ಸಂಬಳ ಬಟವಾಡೆಯ ನೆಪದಲ್ಲಿ ಕಾವಲಿನವರನ್ನು ಗೋಡೆಯಿಂದ ಕೆಳಗಿಳಿಸಿದ ಎಂಬುದು ಈ ಊರಿನ ಮಗುವಿಗೂ ಗೊತ್ತಿರುವ ಕಥೆ. ಅವನು ಅಂದೇ ಸತ್ತ, ಟಿಪ್ಪುವಿನ ಸೈನಿಕರ ಕೈಯಲ್ಲೇ. ಪ್ಲಾಸಿ ಕದನದ (1757) ಮೀರ್ ಜಾಫರ್‌ನಿಗಾದರೋ ಮುರ್ಷಿದಾಬಾದಿನಲ್ಲಿ ಒಂದು ಅರಮನೆಯಿತ್ತು. ಉಳಿದಿರುವ ಹೆಬ್ಬಾಗಿಲಿಗೆ ಜನ ಇಟ್ಟ ಹೆಸರು ‘ನಮಕ್ ಹರಾಮ್ ದೇವಡಿ’. ಕವಿ ಇಕ್ಬಾಲ್ 1932ರ ತನ್ನ ಫಾರ್ಸಿ ಕಾವ್ಯ ‘ಜಾವೀದ್ ನಾಮಾ’ದಲ್ಲಿ ಈ ಇಬ್ಬರನ್ನೂ ಜೋಡಿ ಮಾಡಿ ನರಕಕ್ಕೂ ಬೇಡವಾದವರನ್ನಾಗಿ ಮಾಡಿದ್ದಾನೆ. ಕನ್ನಡದಲ್ಲಿ ಮೀರ್ ಸಾದಿಕ್ ಎಂಬುದು ಅಂಕಿತನಾಮವಾಗಿ ಉಳಿದೇ ಇಲ್ಲ. ವಿಧಾನಸಭೆಯಲ್ಲಿ ಪಕ್ಷ ಬಿಟ್ಟವರಿಗೂ ಅದೇ ಹೆಸರು, ಸಹಕಾರ ಸಂಘದ ಚುನಾವಣೆಯಲ್ಲಿ ಕೊನೇ ಗಳಿಗೆಯಲ್ಲಿ ಬಣ ಬದಲಿಸಿದವರಿಗೂ ಅದೇ ಹೆಸರು. ಕಿತ್ತೂರಿನ ಕಡೆ ಹೋದರೆ ಈ ಕೆಲಸವನ್ನು ಮಲ್ಲಪ್ಪಶೆಟ್ಟಿಯ ಹೆಸರು ಮಾಡುತ್ತದೆ.

“ನಮಕ್ ಹರಾಮ್‌ನಲ್ಲಿ ಉಪ್ಪು” ಎಂದಳು ವಕೀಲೆ. “ನಮ್ಮದರಲ್ಲಿ ಊಟ. ಎಲ್ಲಾ ಕಡೆ ಅನ್ನದ ಮಾತೇ ಬರುತ್ತಲ್ಲ ಸಾರ್?”

“ಬರದೆ! ಹಳೇ ಕನ್ನಡದಲ್ಲಿ ನಿಯತ್ತಿಗೆ ಇದ್ದ ಹೆಸರೇ ‘ಜೋಳವಾಳಿ’. ಯಾರ ಜೋಳ ತಿಂದೆಯೋ ಅವರ ಋಣ ತೀರಿಸೋ ಕಟ್ಟುಪಾಡು. ಪಂಪನ ಕರ್ಣ ಯಾಕೆ ದೊಡ್ಡವನು ಹೇಳು? ನೀನು ಕುಂತಿಯ ಮಗ, ರಾಜ್ಯ ನಿನ್ನದೇ ಅಂತ ಕೃಷ್ಣ ಹೇಳಿದ. ಕುಂತಿಯೇ ಬಂದು ಕೇಳಿದಳು. ಅವನು ದುರ್ಯೋಧನನನ್ನ ಬಿಡಲಿಲ್ಲ. ಅವನಿಗೆ ಎರಡು ಬಗೆಯೋಕೆ ಎಷ್ಟು ಒಳ್ಳೆ ಕಾರಣ ಇತ್ತು ನೋಡು, ತಾಯಿ, ತಮ್ಮಂದಿರು, ಕಿರೀಟ. ಅಂಥ ಕಾರಣ ಇದ್ದೂ ಬಗೀಲಿಲ್ಲ. ಅದಕ್ಕೇ 941ರಲ್ಲಿ ಬರೆದ ಕಾವ್ಯದ ಕರ್ಣ ಇವತ್ತಿಗೂ ನಮ್ಮ ಹಳ್ಳಿ ನಾಟಕದಲ್ಲಿ ಅಳಿಸ್ತಾನೆ.”

“ಅದು ಕಾವ್ಯ.”

“ಕಾವ್ಯ ಬೇಡವಾದ್ರೆ ಕಲ್ಲು ನೋಡು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಒಂದು ಕಂಬ ಇದೆ. ಕುವರ ಲಕ್ಷ್ಮ ಅಂತ, ಎರಡನೇ ಬಲ್ಲಾಳನ ದಂಡನಾಯಕ. 1220ರಲ್ಲಿ ರಾಜ ಸತ್ತಾಗ ಇವನೂ, ಹೆಂಡತಿಯೂ, ಇವನ ಕೈಕೆಳಗಿನ ಲೆಂಕರೂ ಪ್ರಾಣ ಕೊಟ್ಟರು. ತಲೆ ಕೊಡೋ ವೀರರ ಚಿತ್ರ ಆ ಕಂಬದ ಮೇಲೇ ಕೆತ್ತಿದೆ. ಲೆಂಕವಾಳಿ, ವೇಳೆವಾಳಿ, ಜೋಳವಾಳಿ ಅಂತ ಇದಕ್ಕೆ ಹೆಸರುಗಳೇ ಇದ್ದವು. ಇದರಿಂದ ತಪ್ಪಿಸಿಕೊಂಡೋನು ಸ್ವಾಮಿದ್ರೋಹಿ.”

ವಕೀಲೆ ಆ ಕಂಬವನ್ನು ನೋಡಿದ್ದಳು. ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಕೂಡ ಫೋನಿನಲ್ಲಿ ಇರಬೇಕು. ಆಗ ಇಷ್ಟು ತಲೆ ಉರುಳಿದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಸ್ವಾಮಿದ್ರೋಹಕ್ಕೆ ಹೆಸರಿದೆ ಸಾರ್. ಸ್ವಾಮಿಯೇ ಲೆಂಕನಿಗೆ ಎರಡು ಬಗೆದರೆ ಅದಕ್ಕೇನು ಹೆಸರು? ‘ಲೆಂಕದ್ರೋಹ’ ಅಂತ ಯಾವ ಶಾಸನದಲ್ಲಾದ್ರೂ ಇದೆಯಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನಾನಂತೂ ಓದಿಲ್ಲ.”

“ಈ ಮಾತು ಯಾವಾಗಲೂ ಉಣಿಸಿದೋರ ಬಾಯಲ್ಲೇ ಇರುತ್ತೆ, ಉಂಡೋರ ಬಾಯಲ್ಲಿ ಇರಲ್ಲ. ಕಾನೂನಲ್ಲೂ ಹಾಗೇ ಇತ್ತು. 1860ರ ದಂಡ ಸಂಹಿತೆ ಜಾರಿಯಾದಾಗ ರಾಜದ್ರೋಹದ ಸೆಕ್ಷನ್ ಇರಲೇ ಇಲ್ಲ. 1870ರಲ್ಲಿ 124ಎ ಅಂತ ಸೇರಿಸಿದ್ರು. ಸರ್ಕಾರದ ಮೇಲೆ ಪ್ರೀತಿ ಕಮ್ಮಿ ಮಾಡಿದ ಅನ್ನೋದೇ ಅಪರಾಧ. ತಿಲಕರಿಗೆ 1908ರಲ್ಲಿ ಆರು ವರ್ಷ, ಮಂಡಾಲೆ ಜೈಲು. 1922ರಲ್ಲಿ ಗಾಂಧೀಜಿಗೆ ಆರು ವರ್ಷ; ಅವರು ಕೋರ್ಟಲ್ಲಿ ಹೌದು, ಮಾಡಿದ್ದೀನಿ ಅಂತ ಒಪ್ಪಿಕೊಂಡೇಬಿಟ್ರು. ಯಾರು ಯಾರ ಜೋಳ ತಿಂದಿದ್ರು ಸಾರ್ ಅಲ್ಲಿ? ಜೋಳ ಬೆಳೆದೋರು ಇವರು, ತಿಂದೋರು ಅವರು.”

“ವಾದ ಚೆನ್ನಾಗಿದೆ” ಎಂದರು ಮೇಷ್ಟ್ರು, ಮೇಷ್ಟ್ರ ದನಿಯಲ್ಲಿ. “ಬಂಗಾಳಿಗಳು ಅದಕ್ಕೇ ಇರಬೇಕು, ದ್ರೋಹವನ್ನ ತಲೆ ಮೇಲೆ ಹೊತ್ಕೊಂಡರು. ಅವರಲ್ಲಿ ‘ಬಿದ್ರೋಹಿ’ ಅಂದ್ರೆ ಬಂಡಾಯಗಾರ. 1922ರ ಜನವರಿಯಲ್ಲಿ ನಜ್ರುಲ್ ಇಸ್ಲಾಂ ಅದೇ ಹೆಸರಿನ ಕವಿತೆ ಅಚ್ಚುಮಾಡಿಸಿದ, ಆಮೇಲೆ ಜೀವನವಿಡೀ ಬಿದ್ರೋಹಿ ಕವಿ ಅನ್ನಿಸಿಕೊಂಡ. ನಾವು ಬಂಡಾಯ ಅಂತ ಬೇರೆ ಪದ ಇಟ್ಟುಕೊಂಡಿದ್ದರಿಂದ ದ್ರೋಹಿಗೆ ಬಯ್ಗುಳವಾಗಿಯೇ ಇರೋ ಗತಿ ಬಂತು. ಈಗಂತೂ ಬಾಲಕ್ಕೆ ದ್ರೋಹಿ ಕಟ್ಟಿದ್ರೆ ಯಾವ ಪದ ಬೇಕಾದ್ರೂ ಬೈಗುಳ. ನಾಡದ್ರೋಹಿ, ರೈತದ್ರೋಹಿ, ಸಮಾಜದ್ರೋಹಿ, ಪಕ್ಷದ್ರೋಹಿ. ರಾಜನೇ ಇಲ್ಲದ ಮೇಲೆ ರಾಜದ್ರೋಹ ಎಲ್ಲಿಂದ ಬಂತು ಅಂತ ನಾನು ಒಂದು ಸಲ ಪತ್ರಿಕೆಗೆ ಕಾಗದ ಬರೆದಿದ್ದೆ. ಹಾಕಲಿಲ್ಲ.”

“ಈಗ ಹೊಸ ಸಂಹಿತೆಯಲ್ಲಿ ಆ ಹೆಸರು ತೆಗೆದಿದ್ದಾರೆ ಸಾರ್. 152 ಅಂತ ಬೇರೆ ಸೆಕ್ಷನ್ ಬಂದಿದೆ. ಸಾರ್ವಭೌಮತ್ವ, ಏಕತೆ, ಅಖಂಡತೆ ಅಂತ.”

“ಹೆಸರು ಹೋಯ್ತು.”

“ಹೆಸರು ಹೋಯ್ತು.”

ಶಾಲೆಯ ಮಕ್ಕಳು ಹಿಂದಿರುಗುತ್ತಿದ್ದರು. ಒಬ್ಬ ಹುಡುಗ ಇನ್ನೊಬ್ಬನನ್ನು ಅಟ್ಟಿಸಿಕೊಂಡು ಹೋಗುತ್ತ “ಲೋ ಮೀರ್ ಸಾದಿಕ್, ನನ್ ಚಿಪ್ಸ್ ಕೊಡೋ!” ಎಂದು ಅರಚಿದ. ಇಬ್ಬರೂ ನಕ್ಕರು.

ಮೇಷ್ಟ್ರು ಕರಡನ್ನು ಮತ್ತೆ ಕೈಗೆತ್ತಿಕೊಂಡು ಪೆನ್ಸಿಲಿನಿಂದ ‘ಎರಡು ಬಗೆಯಲ್ಲಿ ಮೋಸ’ ಎಂಬುದನ್ನು ಹೊಡೆದುಹಾಕಿದರು. ಅದರ ಮೇಲೆ ‘ವಿಶ್ವಾಸಘಾತ’ ಎಂದು ಬರೆಯಹೋಗಿ ನಿಲ್ಲಿಸಿದರು. ಅದೂ ಒಳ್ಳೆಯ ಪದವೇ, ‘ಶ್ವಸ್’ ಎಂದರೆ ಉಸಿರಾಡು, ವಿಶ್ವಾಸವೆಂದರೆ ಹೆದರಿಕೆಯಿಲ್ಲದೆ ಸಲೀಸಾಗಿ ಉಸಿರಾಡುವುದು, ಘಾತ ಎಂದರೆ ಪೆಟ್ಟು. ಆದರೆ ಕನ್ನಡದಲ್ಲಿ ವಿಶ್ವಾಸ ಎಂದರೆ ನಂಬಿಕೆಗಿಂತ ಹೆಚ್ಚಾಗಿ ಪ್ರೀತಿಯಾಗಿ ಕೂತಿದೆ, ‘ವಿಶ್ವಾಸ ಇರಲಿ’ ಎಂದು ಕಾಗದ ಮುಗಿಸುತ್ತಿದ್ದ ಕಾಲದಿಂದ. ಪೊಲೀಸ್ ಠಾಣೆಯ ಕಾಗದಕ್ಕೆ ಅದು ಹೆಚ್ಚು ಮೆತ್ತಗಾಗುತ್ತದೆ ಎಂದುಕೊಂಡು ಕೊನೆಗೆ ‘ನಂಬಿಕೆ ದ್ರೋಹ ಬಗೆದಿರುತ್ತಾನೆ’ ಎಂದೇ ಬರೆದರು. ‘ಬಗೆದಿರುತ್ತಾನೆ’ಯ ಕೆಳಗೆ ಒಂದು ಗೆರೆಯನ್ನೂ ಎಳೆದರು.

“316 ಅಂತ ಹಾಕು.”

“316ರ ನಾಲ್ಕನೇ ಉಪಸೆಕ್ಷನ್ ಸಾರ್. ಗುಮಾಸ್ತ, ಆಳು ಮಾಡಿದ್ದಾದ್ರೆ ಅದು. ಏಳು ವರ್ಷದ ತನಕ ಶಿಕ್ಷೆ.”

“ಗುಮಾಸ್ತನಿಗೆ ಅಂತಲೇ ಬೇರೆ ಇದೆಯೇ?”

“ಇದೆ. ಹಳೆಯದರಲ್ಲೂ ಇತ್ತು, 408. ಕೆಲಸಕ್ಕಿದ್ದ ಅಂತ ನಾವು ತೋರಿಸಬೇಕು ಅಷ್ಟೆ. ಲೆಕ್ಕದ ಪುಸ್ತಕ ಇದೆ, ಅವನದೇ ಅಕ್ಷರ. ಸಂಬಳದ ರಿಜಿಸ್ಟರ್...”

ಅವಳು ಕಡತದ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಮಾರುಕಟ್ಟೆಯ ಚೀಟಿ, ಲಾರಿ ಬಾಡಿಗೆ ರಸೀತಿ, ಕಬ್ಬು ತೂಕದ ಪಟ್ಟಿ. ಮತ್ತೊಮ್ಮೆ ಮೊದಲಿನಿಂದ ತಿರುಗಿಸಿದಳು. ಮೇಷ್ಟ್ರು ಏನೂ ಕೇಳಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದರು.

ಆಮೇಲೆ ವಕೀಲೆ ಫೋನ್ ಎತ್ತಿಕೊಂಡು ಜಗಲಿಯ ತುದಿಗೆ ಹೋದಳು. ಆ ಕಡೆಯವರ ದನಿ ಸ್ಪೀಕರಿಲ್ಲದೆಯೂ ಕೇಳುವಷ್ಟು ದೊಡ್ಡದಿತ್ತು. ಊಟ ಆಯಿತೇ, ಮಳೆ ಬಂತೇ ಎಂಬುದೆಲ್ಲ ಮುಗಿಯಿತು.

“ಅಮ್ಮಾ, ಒಂದು ವಿಷಯ ಕೇಳಬೇಕಿತ್ತು. ಆ ಗುಮಾಸ್ತನಿಗೆ ಸಂಬಳ ಅಂತ ತಿಂಗಳಿಗೆ ಎಷ್ಟು ಕೊಡ್ತಿದ್ರಿ?”

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಹಿಂದೆ ಎಲ್ಲೋ ಗಾಣ ತಿರುಗುವ ಸದ್ದು ಮಾತ್ರ.

“ಸಂಬಳವಾ?” ಎಂದಳು ಆಲೆಮನೆಯ ಯಜಮಾನತಿ. “ಉಣ್ಣಕ್ಕಿಕ್ತಿರ್ನಿಲ್ವೇನವ್ವ ನಾನು, ಮೂರೊತ್ತೂವೆ?”